ಕಾರವಾರದಲ್ಲಿ ಗಾಳಿಯಿಂದ ಕುಡಿಯುವ ನೀರು ತೆಗೆಯುವ ಯಂತ್ರ ತಗೊಳ್ಳಬಹುದಾ?

ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ, ಈ ಯಂತ್ರ ನಮ್ಮ ಕಡೆ ನಡೆಯುತ್ತದಾ ಅಂತ ಕೇಳಿದ್ದೀರಿ. ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ನಾನೂ ಕಾರವಾರದವನೇ. ದುಡ್ಡು ಹಾಕುವ ಮೊದಲು ಸ್ವಲ್ಪ ಲೆಕ್ಕ ಹಾಕಿ ಅಂತೀನಿ.

ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುತ್ತದಲ್ಲ, ಯಂತ್ರದೊಳಗೆ ಆಗೋದೂ ಅದೇ. ಫ್ಯಾನು ಗಾಳಿ ಎಳೆಯುತ್ತದೆ, ತಣ್ಣಗಿನ ಕಾಯಿಲ್ ಮೇಲೆ ತೇವ ನೀರಾಗಿ ಇಳಿಯುತ್ತದೆ. 30 ಡಿಗ್ರಿ ಸೆಕೆ, ಶೇ. 80 ತೇವ ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಅದನ್ನು 15 ಡಿಗ್ರಿಗೆ ತಣಿಸಿದರೆ 11 ಗ್ರಾಂ ಸಿಗುತ್ತದೆ. ಅಂದರೆ ಒಂದು ಲೀಟರ್ ನೀರಿಗೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮೂರು ಕೋಣೆಯಷ್ಟು ಗಾಳಿ ಬೇಕು! ಶಿರಸಿ ಕಡೆ ಬೇಸಿಗೆ ಮಧ್ಯಾಹ್ನ ಗಾಳಿ ಇಷ್ಟು ತೇವ ಇರುವುದಿಲ್ಲ, ಅಲ್ಲಿ ಇನ್ನೂ ಜಾಸ್ತಿ ಗಾಳಿ ಎಳೆಯಬೇಕು.

ಪೆಟ್ಟು ಬೀಳೋದು ಕರೆಂಟ್ ಬಿಲ್ಲಿಗೆ. ಲೀಟರಿಗೆ ಅಂದಾಜು ಅರ್ಧ ಯೂನಿಟ್ ಹಿಡಿಯಿರಿ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ 15 ಲೀಟರ್ ಅಂದರೆ ದಿನಕ್ಕೆ ಏಳೆಂಟು ಯೂನಿಟ್. ಸ್ನಾನ, ಬಟ್ಟೆಯ ಮಾತು ಬಿಡಿ. ರಾತ್ರಿ ಓಡಿಸಿದರೆ ಸ್ವಲ್ಪ ಉಳಿಯುತ್ತದೆ, ಗಾಳಿ ಮೊದಲೇ ತಂಪಿರುತ್ತದಲ್ಲ. ಇನ್ನೊಂದು, ಸಮುದ್ರದ ಉಪ್ಪುಗಾಳಿ ಕಾಯಿಲ್‌ನ ತೆಳು ತಗಡನ್ನು ತಿಂದುಹಾಕುತ್ತದೆ. ಗಾಳಿಯ ಫಿಲ್ಟರ್ ಆಗಾಗ ತೊಳೆಯಲೇಬೇಕು.

ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರನ್ನೇ ಕುಡಿಯೋಣ ಅಂತ ಕೆಲವರು ಹೊರಡುತ್ತಾರೆ. ದಯವಿಟ್ಟು ಬೇಡ. ಆ ಟ್ರೇ ಬಿಚ್ಚಿ ನೋಡಿ, ಧೂಳು ಲೋಳೆಯಾಗಿ ಅಂಟಿರುತ್ತದೆ. ನೆಲ ಒರೆಸಲು ಸಾಕು.

ನನ್ನ ಮಾತು ಕೇಳೋದಾದರೆ ಮೊದಲು ಮಳೆ ನೀರು ಹಿಡಿಯಿರಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. 1,000 ಚದರಡಿ ಮಾಡಿನ ಮೇಲೆ ಎರಡು ಲಕ್ಷ ಲೀಟರಿಗೂ ಜಾಸ್ತಿ ಬಂದು ಸುಮ್ನೆ ಗಟಾರಕ್ಕೆ ಹೋಗುತ್ತದೆ. ನಿಮಗೆ ಬೇಕಾಗಿರೋದು ಎಷ್ಟು? ಮಾರ್ಚ್‌ನಿಂದ ಮೇವರೆಗೆ ದಿನಕ್ಕೆ 15 ಲೀಟರ್ ಅಂದರೂ 1,400 ಲೀಟರ್ ದಾಟುವುದಿಲ್ಲ. 2,000 ಲೀಟರಿನ ಒಂದು ಟ್ಯಾಂಕ್ ಸಾಕು. ಮಾಡಿನ ಅಂಚಿಗೆ ಸೀಳಿದ ಪಿವಿಸಿ ಪೈಪ್ ಕಟ್ಟಿಸಿ, ಬಾಯಿಗೆ ಬಟ್ಟೆ ಕಟ್ಟಿ. ಜೂನಿನ ನೀರು ಬೇಡ, ಮಾಡು ಚೆನ್ನಾಗಿ ತೊಳೆದುಹೋದ ಮೇಲೆ ಸೆಪ್ಟೆಂಬರಿನಲ್ಲಿ ತುಂಬಿಸಿ. ಬೆಳಕು ಬೀಳದ ಹಾಗೆ ಮುಚ್ಚಿಡಿ, ಕುಡಿಯುವಾಗ ಕುದಿಸಿ.

ಇಷ್ಟಾಗಿಯೂ ನೀರು ಸಾಲದಿದ್ದರೆ ಯಂತ್ರ ತಗೊಳ್ಳಿ. ಆಗ ದಿನಕ್ಕೆ ನಾಲ್ಕೈದು ಲೀಟರಿನದು ಸಾಕಾಗುತ್ತದೆ.