ವೈದ್ಯರನ್ನು ಕೇಳಿ: ಇದು ಜ್ವರದ ಎಷ್ಟನೆಯ ದಿನ?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಮ್ಮದು ಸಣ್ಣ ಅಡಿಕೆ ತೋಟ. ಮಳೆಗಾಲದಲ್ಲಿ ಕಣಿಯ ಕೆಸರು ತೆಗೆಯಲು ನಮ್ಮ ಯಜಮಾನರು ಬರಿಗಾಲಲ್ಲಿ ನೀರಿಗೆ ಇಳಿದಿದ್ದರು. ವಾರ ಕಳೆದ ಮೇಲೆ ಚಳಿಜ್ವರ, ಮೈಕೈ ನೋವು ಶುರುವಾಯಿತು. ಡೆಂಗಿ ಪರೀಕ್ಷೆ ನೆಗೆಟಿವ್ ಬಂದದ್ದರಿಂದ ಪ್ಯಾರಾಸಿಟಮಾಲ್ ಕೊಟ್ಟು ಮನೆಯಲ್ಲೇ ಇರಿಸಿಕೊಂಡೆವು. ಐದನೆಯ ದಿನ ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾಯಿತು. ಇಲಿಜ್ವರವೆಂದು ತಿಳಿಯಿತು, ಡಯಾಲಿಸಿಸ್ ಮಾಡಬೇಕಾಯಿತು. ಈಗ ಗುಣವಾಗಿದ್ದಾರೆ. ಇದನ್ನು ಮೊದಲೇ ಗುರುತಿಸಬಹುದಿತ್ತೇ? ಅದೇ ತೋಟದಲ್ಲಿ ದುಡಿಯುವ ಮಗನಿಗೆ ಮುಂಜಾಗ್ರತೆಯ ಮಾತ್ರೆ ಕೊಡಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಯಜಮಾನರು ಚೇತರಿಸಿಕೊಂಡದ್ದು ಬಹಳ ಸಮಾಧಾನದ ವಿಷಯ. ಇಲಿಜ್ವರ ಮೊದಲ ಮೂರು ನಾಲ್ಕು ದಿನ ಡೆಂಗಿ, ಫ್ಲೂ, ಮಲೇರಿಯಾಗಳಂತೆಯೇ ಕಾಣುತ್ತದೆಯಾದ್ದರಿಂದ ಮನೆಯವರು ಗುರುತಿಸಲಿಲ್ಲವೆಂದು ಕೊರಗುವ ಅಗತ್ಯವಿಲ್ಲ. ಆದರೂ ಎರಡು ಸುಳಿವುಗಳು ಬೇಗ ಸಿಗುತ್ತವೆ. ಒಂದು, ಕಾಲಿನ ಮೀನಖಂಡದ ನೋವು. ಮೊಣಕಾಲ ಕೆಳಗಿನ ಹಿಂಭಾಗದ ಸ್ನಾಯುವನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿದರೂ ರೋಗಿ ಕಾಲನ್ನು ಸರಕ್ಕನೆ ಎಳೆದುಕೊಳ್ಳುತ್ತಾನೆ. ಕೆಲವರಿಗೆ ನಡೆಯುವುದೇ ಕಷ್ಟವಾಗುತ್ತದೆ. ಇನ್ನೊಂದು, ಕಣ್ಣಿನ ಕೆಂಪು. ಕಣ್ಣುಬೇನೆಯಲ್ಲಿ ಇರುವ ಕೀವಾಗಲಿ ಅಂಟಾಗಲಿ ಇಲ್ಲದೆ ಬಿಳಿಗುಡ್ಡೆ ಮಾತ್ರ ಕೆಂಪೇರಿರುತ್ತದೆ. ಇವೆರಡೂ ಎಲ್ಲ ರೋಗಿಗಳಲ್ಲಿ ಕಾಣಿಸಬೇಕೆಂದಿಲ್ಲ. ಆದ್ದರಿಂದ ಇವಕ್ಕಿಂತಲೂ ದೊಡ್ಡ ಸುಳಿವು ರೋಗಿಯ ಕೆಲಸವೇ ಆಗಿದೆ. ಇಲಿ, ಹೆಗ್ಗಣ, ದನಕರುಗಳ ಮೂತ್ರ ಸೇರಿದ ನೀರು ಮತ್ತು ಕೆಸರಿನಲ್ಲಿರುವ ಲೆಪ್ಟೊಸ್ಪೈರ ಎಂಬ ಬ್ಯಾಕ್ಟೀರಿಯಾ ಕಾಲಿನ ಬಿರುಕು, ಕತ್ತಿಯ ಗಾಯ ಅಥವಾ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮದ ಮೂಲಕ ದೇಹ ಸೇರುತ್ತದೆ, ಮತ್ತು ಸಾಮಾನ್ಯವಾಗಿ 5ರಿಂದ 14 ದಿನಗಳೊಳಗೆ ಜ್ವರ ತರುತ್ತದೆ. ಕಣಿ, ತೋಡು, ಗದ್ದೆ, ಹಟ್ಟಿ ಇವುಗಳಲ್ಲಿ ಎಲ್ಲಿ ಕೆಲಸ ಮಾಡಿದ್ದರೂ ವೈದ್ಯರು ಕೇಳುವವರೆಗೆ ಕಾಯದೆ ನೀವೇ ಹೇಳಿಬಿಡಿ. ಜ್ವರ ಶುರುವಾದ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ಕೊಂಡೊಯ್ಯಿರಿ.

ದಿನಾಂಕಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ಉಪಯುಕ್ತ. ಇಲಿಜ್ವರಕ್ಕೆ ಮಾಡುವ, ರಕ್ತದಲ್ಲಿ ರೋಗದ ವಿರುದ್ಧ ಮೂಡುವ ಪ್ರತಿಕಾಯಗಳನ್ನು ಹುಡುಕುವ ಐಜಿಎಂ ಪರೀಕ್ಷೆಯಾದರೋ ಮೊದಲ ವಾರದಲ್ಲಿ ನೆಗೆಟಿವ್ ಬರುವುದು ಸಾಮಾನ್ಯ. ಡೆಂಗಿ ಅಲ್ಲವೆಂದು ಹೇಳಿದ ವರದಿ ಜ್ವರ ಯಾವುದರದ್ದೆಂದು ಹೇಳಿರುವುದಿಲ್ಲ. ನಿಮ್ಮ ಮನೆಯಲ್ಲಿ ಆದ ತೊಂದರೆ ಇಲ್ಲಿಂದಲೇ ಆರಂಭವಾಗಿದೆ. ಹೀಗಿರುವುದರಿಂದ ಇಲಿಜ್ವರದ ಬಲವಾದ ಅನುಮಾನವಿದ್ದಾಗ ವರದಿಗೆ ಕಾಯದೆ ಔಷಧ ಆರಂಭಿಸಬೇಕೆಂಬುದು ತುರ್ತು ವಿಭಾಗದ ಒಪ್ಪಿತ ಕ್ರಮ. ರೋಗ ಸೌಮ್ಯವಾಗಿದ್ದರೆ ಸಾಮಾನ್ಯವಾಗಿ ವಯಸ್ಕರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ, 7 ದಿನ ಕೊಡುತ್ತಾರೆ. ತೀವ್ರವಾಗಿದ್ದರೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಇವು ವೈದ್ಯರು ನೋಡಿ ಬರೆಯಬೇಕಾದ ಔಷಧಗಳು, ಮೆಡಿಕಲ್ ಶಾಪಿನಿಂದ ಕೇಳಿ ತರತಕ್ಕವಲ್ಲ.

ಹಳದಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಕಡೆ ಕಣ್ಣು ಹಳದಿಯಾದೊಡನೆ ಕಾಮಾಲೆಯೆಂದು ನಿರ್ಧರಿಸಿ ನೆಲನೆಲ್ಲಿಯ ಮದ್ದಿಗೆ ಓಡುವುದು ಇನ್ನೂ ಬಿಟ್ಟುಹೋಗಿಲ್ಲ. ನೀರಿನಿಂದ ಬರುವ ಸಾಮಾನ್ಯ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಬಹುಮಟ್ಟಿಗೆ ಬಿಟ್ಟಿರುತ್ತದೆ. ಹಳದಿಯ ಜೊತೆಗೆ ಜ್ವರವೂ ಮುಂದುವರಿದರೆ, ಮೂತ್ರ ಕಡಿಮೆಯಾದರೆ, ಕಫದಲ್ಲಿ ರಕ್ತ ಕಂಡರೆ ಅದು ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣ. ಇಲಿಜ್ವರ ಪಿತ್ತಜನಕಾಂಗ (ಲಿವರ್), ಮೂತ್ರಪಿಂಡ, ಶ್ವಾಸಕೋಶಗಳಿಗೆ ಏರಿದಾಗ ಕಾಣುವುದು ಹೀಗೆಯೇ.

ಯಾವ ಸೋಂಕೇ ಇರಲಿ, ಅದು ಮೈಯೆಲ್ಲ ವ್ಯಾಪಿಸಿ ರಕ್ತದೊತ್ತಡ ಬೀಳುವ ಹಂತವನ್ನು ಥರ್ಮಾಮೀಟರ್ ತೋರಿಸುವುದಿಲ್ಲ. ಅದರ ಬದಲು ರೋಗಿಯ ಎದೆ ಎಷ್ಟು ಸಲ ಏರಿಳಿಯುತ್ತದೆಂದು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿರಿ. ಮಲಗಿರುವ ವಯಸ್ಕರಲ್ಲಿ ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚಾಗಿದ್ದರೆ, ಮಾತು ಅಸಂಬದ್ಧವಾದರೆ, ಅತಿಯಾದ ಮಂಪರಿದ್ದರೆ, ಕೈಕಾಲು ತಣ್ಣಗಾದರೆ, ಮೇಲಿನ ರಕ್ತದೊತ್ತಡ 100 ಅಥವಾ ಅದಕ್ಕಿಂತ ಕಡಿಮೆಯಿದ್ದರೆ 108ಕ್ಕೆ ಕರೆ ಮಾಡಿ. ಜ್ವರದೊಡನೆ ಕುತ್ತಿಗೆ ಬಿಗಿದುಕೊಂಡರೂ, ಫಿಟ್ಸ್ ಬಂದರೂ ಹಾಗೆಯೇ. ಕಾಸರಗೋಡಿನವರಾದ ನಾವು ಗಂಭೀರವೆನಿಸಿದ ಕೂಡಲೇ ಹತ್ತಿರದ ಆಸ್ಪತ್ರೆಯನ್ನು ದಾಟಿ ನೇರವಾಗಿ ಮಂಗಳೂರಿಗೆ ಗಾಡಿ ಬಿಡುತ್ತೇವೆ. ಕಾಸರಗೋಡು ಪೇಟೆಯಿಂದಲೇ ಅದು ಸುಮಾರು 50 ಕಿಲೋಮೀಟರ್. ರಕ್ತದೊತ್ತಡ ಬಿದ್ದ ರೋಗಿಗೆ ಮೊದಲ ಡೋಸ್ ಆ್ಯಂಟಿಬಯೋಟಿಕ್ ಒಂದು ಗಂಟೆಯೊಳಗೆ ಸಿಗಬೇಕು, ಡ್ರಿಪ್ ಆರಂಭವಾಗಬೇಕು. ಇವೆರಡನ್ನೂ ಹತ್ತಿರದ ಆಸ್ಪತ್ರೆಯಲ್ಲಿ ಮಾಡಿಸಿ, ಏನು ಕೊಟ್ಟರೆಂಬುದನ್ನು ಬರೆಸಿಕೊಂಡು ಮುಂದೆ ಹೋಗುವುದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ.

ಮಗನ ವಿಷಯ: ಕೆಸರಿನ ಕೆಲಸ ಇರುವ ವಾರಗಳಲ್ಲಿ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ವಾರಕ್ಕೊಮ್ಮೆ ಕೊಡುವ ಪದ್ಧತಿ ಕೇರಳದಲ್ಲಿದೆ, 2018ರ ಮಹಾಪ್ರವಾಹದ ಬಳಿಕ ರಕ್ಷಣಾ ಕಾರ್ಯಕರ್ತರಿಗೂ ಇದನ್ನು ವ್ಯಾಪಕವಾಗಿ ಹಂಚಲಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಊಟವಾದ ಮೇಲೆ ತುಂಬು ಲೋಟ ನೀರಿನೊಂದಿಗೆ ನುಂಗಬೇಕು, ನುಂಗಿ ಕೂಡಲೇ ಮಲಗಬಾರದು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಇದು ಸಲ್ಲದು. ಮಾತ್ರೆ ತೆಗೆದುಕೊಂಡರೂ ಗಮ್‌ಬೂಟು ಬೇಕೇ ಬೇಕು.

ಪ್ರಶ್ನೆ: ಕಾಲೇಜಿಗೆ ಹೋಗುವ ಮಗಳಿಗೆ ಡೆಂಗಿ ಬಂದಿದೆ. ಪ್ಲೇಟ್‌ಲೆಟ್ 60,000 ಇದೆ. ಪ್ಲೇಟ್‌ಲೆಟ್ ಕೊಡಿಸಲೇಬೇಕೆಂದು ನೆಂಟರು ಹೇಳುತ್ತಾರೆ, ಪಪ್ಪಾಯಿ ಎಲೆಯ ರಸ ಸಾಕೆಂದು ನೆರೆಯವರು ಹೇಳುತ್ತಾರೆ. ಜ್ವರ ನಿನ್ನೆಯೇ ಬಿಟ್ಟಿದೆ. ಇನ್ನು ಹೆದರಬೇಕಿಲ್ಲವಲ್ಲ?
– ಓದುಗರೊಬ್ಬರು, ಉಪ್ಪಳ

ಉತ್ತರ: ಎಚ್ಚರದ ಸಮಯ ಈಗಲೇ ಇದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ, ಅಂದರೆ ಹೆಚ್ಚಾಗಿ 3ರಿಂದ 7ನೆಯ ದಿನದೊಳಗೆ, ರಕ್ತನಾಳಗಳಿಂದ ದ್ರವ ಹೊರಗೆ ಸೋರುವ ಅಪಾಯವಿರುತ್ತದೆ, ಮತ್ತು ಆ 24ರಿಂದ 48 ಗಂಟೆ ನಿರ್ಣಾಯಕ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡದೆ ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟೆಂದು ಹೇಳುವ ಹೆಮಟೊಕ್ರಿಟ್ ಎಂಬ ಅಂಕಿಯನ್ನೂ ವೈದ್ಯರಿಗೆ ತೋರಿಸಿರಿ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಅದು ಏರುತ್ತಿದ್ದರೆ ದ್ರವ ಸೋರುತ್ತಿದೆಯೆಂದು ಅರ್ಥ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಮಾಮೂಲಿಗಿಂತ ಹೆಚ್ಚಿನ ಮುಟ್ಟಿನ ಸ್ರಾವ, ಚಡಪಡಿಕೆ, ತೀರಾ ಸುಸ್ತು, ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು ಇವುಗಳಲ್ಲಿ ಯಾವುದು ಕಂಡರೂ ದಾಖಲು ಮಾಡಿಸಿರಿ.

ರಕ್ತಸ್ರಾವವಿಲ್ಲದೆ 60,000 ಇದ್ದಾಗ ಪ್ಲೇಟ್‌ಲೆಟ್ ಕೊಡುವ ಅಗತ್ಯವಿಲ್ಲ. ರಕ್ತಸ್ರಾವವಿದ್ದಾಗ ಅಥವಾ ಸಂಖ್ಯೆ 10,000ದ ಕೆಳಗೆ ಹೋದಾಗ ವೈದ್ಯರು ಆ ಬಗ್ಗೆ ಯೋಚಿಸುತ್ತಾರೆ. ಪಪ್ಪಾಯಿ ರಸ ದ್ರವದ ಸೋರಿಕೆಯನ್ನು ತಡೆಯುವುದಿಲ್ಲ, ಅದರ ಕಹಿಯಿಂದ ವಾಂತಿಯಾದರೆ ಇದ್ದ ನೀರೂ ಹೋಗುತ್ತದೆ. ಒಆರ್‌ಎಸ್, ಗಂಜಿತಿಳಿ, ಎಳನೀರು ಇವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫಿನಾಕ್ ರಕ್ತಸ್ರಾವ ಹೆಚ್ಚಿಸಬಲ್ಲವು.

ಪ್ರಶ್ನೆ: ರಬ್ಬರ್ ತೋಟದಲ್ಲಿ ಕೆಲಸ ಮಾಡುವ ತಮ್ಮನಿಗೆ ವಾರದಿಂದ ಜ್ವರ. ಕಂಕುಳಲ್ಲಿ ಸುಟ್ಟಂಥ ಕಪ್ಪು ಕಲೆಯಿದೆ, ನೋವಿಲ್ಲ. ಎರಡಕ್ಕೂ ಸಂಬಂಧವಿರಬಹುದೇ?
– ಓದುಗರೊಬ್ಬರು, ಪೆರ್ಲ

ಉತ್ತರ: ಇರಬಹುದು, ಮತ್ತು ನೀವು ಅದನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಪೊದೆಗಳಲ್ಲಿರುವ, ಕಣ್ಣಿಗೆ ಕಾಣುವುದೇ ಕಷ್ಟವಾದ ನುಸಿಯ ಮರಿ ಕಚ್ಚಿದ ಜಾಗದಲ್ಲಿ ಹೀಗೆ ನೋವಿಲ್ಲದ ಕಪ್ಪು ಹೆಕ್ಕಳೆ ಮೂಡುತ್ತದೆ. ಕಾಯಿಲೆಯ ಹೆಸರು ಸ್ಕ್ರಬ್ ಟೈಫಸ್. ಕಂಕುಳು, ತೊಡೆಸಂದು, ಸೊಂಟಪಟ್ಟಿಯ ಕೆಳಗೆ ಇರುವುದರಿಂದ ಬಟ್ಟೆ ಸರಿಸಿ ನೋಡದಿದ್ದರೆ ವೈದ್ಯರ ಕಣ್ಣಿಗೂ ತಪ್ಪಿಹೋಗುತ್ತದೆ. ಇದಕ್ಕೆ ಪೆನಿಸಿಲಿನ್ ಆಗಲಿ ಸೆಫ್ಟ್ರಿಯಾಕ್ಸೋನ್ ಆಗಲಿ ಕೆಲಸ ಮಾಡುವುದಿಲ್ಲ, ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಬೇಕು. ಸರಿಯಾದ ಔಷಧ ಸಿಕ್ಕಿದರೆ ಜ್ವರ ಸಾಮಾನ್ಯವಾಗಿ 48 ಗಂಟೆಗಳಲ್ಲಿ ಬಿಡುತ್ತದೆ. ವಾರ ದಾಟಿದ ಜ್ವರವಾದ್ದರಿಂದ ತಮ್ಮನನ್ನು ಇಂದೇ ಕರೆದುಕೊಂಡು ಹೋಗಿ, ಆ ಕಲೆಯನ್ನು ವೈದ್ಯರಿಗೆ ತೋರಿಸಿರಿ.