‘ನಾವು’ ಎಂದವರು ಯಾರು?

ಸಾಗರದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ಲೇಖನದಲ್ಲಿ ಅಮೆರಿಕದ ಸಂವಿಧಾನವನ್ನು ರಾಜ್ಯಗಳು ಸೇರಿ ಮಾಡಿಕೊಂಡವು, ಅದನ್ನು ರಾಜ್ಯಗಳ ಶಾಸನಸಭೆಗಳು ಅನುಮೋದಿಸಿದವು ಎಂದಿದೆ. ಎರಡು ಪುಟ ದಾಟಿದರೆ ಜನರೇ ಮಾಡಿಕೊಂಡರು ಎಂದಿದೆ. ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದ ನನಗೇ ಗೊಂದಲವಾಯಿತು. ಯಾವುದು ಸರಿ?”

ಮೇಷ್ಟ್ರೇ, ನಮಸ್ಕಾರ.

ಇದೇ ಪ್ರಶ್ನೆಯನ್ನು 1788ರ ಜೂನ್‌ನಲ್ಲಿ ವರ್ಜೀನಿಯಾದ ಪ್ಯಾಟ್ರಿಕ್ ಹೆನ್ರಿ ಸಿಟ್ಟಿನಿಂದ ಕೇಳಿದ್ದರು. ಹೊಸ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂದು ರಿಚ್ಮಂಡ್‌ನಲ್ಲಿ ಸೇರಿದ್ದ ಸಭೆ ಅದು. ‘ನಾವು, ರಾಜ್ಯಗಳು’ ಎನ್ನಬೇಕಾದಲ್ಲಿ ‘ನಾವು, ಜನರು’ ಎಂದು ಬರೆಯಲು ಸಂವಿಧಾನ ರಚಿಸಿದವರಿಗೆ ಅಧಿಕಾರ ಕೊಟ್ಟವರು ಯಾರು ಎಂಬುದು ಅವರ ತಕರಾರು. ಆ ತಕರಾರಿಗೆ ಅರ್ಥವಿತ್ತು ಎಂದೇ ನನ್ನ ಅನಿಸಿಕೆ.

ಏಕೆಂದರೆ ಅದುವರೆಗೆ ಹದಿಮೂರು ರಾಜ್ಯಗಳ ನಡುವೆ ಇದ್ದದ್ದು 1781ರಲ್ಲಿ ಜಾರಿಗೆ ಬಂದ ಒಂದು ಕರಾರು. ಅದು ತನ್ನನ್ನು ‘ಗಟ್ಟಿಯಾದ ಸ್ನೇಹಕೂಟ’ ಎಂದೇ ಕರೆದುಕೊಂಡಿತ್ತು. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಮತ. ಕೇಂದ್ರದಲ್ಲಿದ್ದ ಕಾಂಗ್ರೆಸ್‌ಗೆ ಜನರ ಮೇಲೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ; ‘ಇಂತಿಷ್ಟು ಕಳಿಸಿಕೊಡಿ’ ಎಂದು ರಾಜ್ಯಗಳನ್ನು ಕೇಳಬೇಕಿತ್ತು. ಅವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಆಮದಿನ ಮೇಲೆ ಶೇ. 5ರ ಸುಂಕ ಹಾಕೋಣ ಎಂದು ಹೊರಟಾಗ, 1782ರಲ್ಲಿ ರೋಡ್ ಐಲೆಂಡ್ ಒಲ್ಲೆ ಎಂದಿತು. ಕರಾರು ತಿದ್ದಲು ಹದಿಮೂರೂ ರಾಜ್ಯ ಒಪ್ಪಬೇಕಿದ್ದರಿಂದ ಆ ಪುಟ್ಟ ರಾಜ್ಯದ ಒಂದು ‘ಇಲ್ಲ’ವೇ ಸಾಕಾಯಿತು.

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕೂತವರು ಕರಾರನ್ನು ತಿದ್ದಲು ಬಂದು ಹೊಸದನ್ನೇ ಬರೆದರು. ಅವರ ಆಗಸ್ಟ್ 6ರ ಕರಡನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅದರ ಮೊದಲ ಸಾಲು ‘ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್...’ ಎಂದು ಹದಿಮೂರು ರಾಜ್ಯಗಳ ಹೆಸರನ್ನೂ ಸಾಲಾಗಿ ಹೇಳಿ, ಆ ‘ರಾಜ್ಯಗಳ ಜನರಾದ ನಾವು’ ಎನ್ನುತ್ತದೆ. ಸಭೆಗೆ ಒಬ್ಬ ಪ್ರತಿನಿಧಿಯನ್ನೂ ಕಳಿಸದ ರೋಡ್ ಐಲೆಂಡ್ ಕೂಡ ಪಟ್ಟಿಯಲ್ಲಿದೆ! ಸೆಪ್ಟೆಂಬರ್‌ನಲ್ಲಿ ಭಾಷೆ ತಿದ್ದುವ ಸಮಿತಿಯ ಗವರ್ನರ್ ಮೋರಿಸ್ (‘ಗವರ್ನರ್’ ಎಂಬುದು ಅವರ ಹೆಸರು, ಹುದ್ದೆಯಲ್ಲ) ಆ ಪಟ್ಟಿಯನ್ನೇ ತೆಗೆದು, ‘ಅಮೆರಿಕ ಸಂಯುಕ್ತ ಸಂಸ್ಥಾನದ ಜನರಾದ ನಾವು’ ಎಂದು ಬರೆದರು. ಒಂಬತ್ತು ರಾಜ್ಯಗಳು ಒಪ್ಪಿದರೆ ಸಾಕು, ಒಪ್ಪಿದವುಗಳ ನಡುವೆ ಸಂವಿಧಾನ ಜಾರಿ ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಯಾವ ಒಂಬತ್ತು ಎಂದು ಯಾರಿಗೆ ಗೊತ್ತು? ಹೆಸರು ಬರೆಯುವಂತೆಯೇ ಇರಲಿಲ್ಲ. ಬರಹದ ತೊಡಕೊಂದು ಬಿಡಿಸಲು ಹೋಗಿ ಹುಟ್ಟಿದ ಆ ಸಾಲು ಮುಂದೆ ಎಷ್ಟು ಭಾರ ಹೊತ್ತಿತು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ‘ಜನರು’ ಬರೀ ಬರಹದ ಮಾತಾಗಿ ಉಳಿಯಲಿಲ್ಲ. ಶಾಸನಸಭೆಗಳು ಒಪ್ಪಿದರೆ ಸಾಲದು ಎಂದು ಫಿಲಡೆಲ್ಫಿಯಾ ಸಭೆಯಲ್ಲಿದ್ದ ಜೇಮ್ಸ್ ಮ್ಯಾಡಿಸನ್ ಪಟ್ಟು ಹಿಡಿದರು. ಶಾಸನಸಭೆ ಒಪ್ಪಿದ್ದು ಒಪ್ಪಂದ, ಜನ ಒಪ್ಪಿದ್ದು ಸಂವಿಧಾನ ಎಂಬುದು ಅವರ ವಾದದ ತಿರುಳು. ಹಾಗಾಗಿ ಪ್ರತಿ ರಾಜ್ಯದಲ್ಲೂ ಇದೊಂದೇ ಕೆಲಸಕ್ಕೆಂದು ಪ್ರತಿನಿಧಿಗಳನ್ನು ಆರಿಸಿ ವಿಶೇಷ ಸಭೆ ಕರೆದರು. ಹೆನ್ರಿ ಗುಡುಗಿದ್ದು ಅಂಥ ಸಭೆಯಲ್ಲೇ. ಅಲ್ಲಿ ಅವರ ಪಕ್ಷ 89–79ರಿಂದ ಸೋತಿತು. ರೋಡ್ ಐಲೆಂಡ್ ಒಪ್ಪಿದ್ದು 1790ರ ಮೇ ತಿಂಗಳಲ್ಲಿ, ಅದೂ 34–32ರಿಂದ.

ನೀವು ಕೇಳಿದ ಎರಡು ಉತ್ತರಗಳೂ ಆ ಸಂವಿಧಾನದ ಒಳಗೇ ಅಕ್ಕಪಕ್ಕ ಕೂತಿವೆ. ಹೊಸ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿಗಳ ಸಭೆ ಜನರ ಲೆಕ್ಕದ್ದು: ಮೊದಲ ಹಂಚಿಕೆಯಲ್ಲಿ ವರ್ಜೀನಿಯಾಕ್ಕೆ 10 ಸ್ಥಾನ, ಡೆಲವೇರ್‌ಗೆ 1. ಮೇಲ್ಮನೆಯಾದ ಸೆನೆಟ್ ರಾಜ್ಯಗಳ ಲೆಕ್ಕದ್ದು: ಇಬ್ಬರಿಗೂ ಎರಡೆರಡು. ಸೆನೆಟರುಗಳನ್ನು 1913ರವರೆಗೆ ಆರಿಸುತ್ತಿದ್ದುದೂ ರಾಜ್ಯದ ಶಾಸನಸಭೆಗಳೇ.

ಇನ್ನು ಆ ‘ಜನ’ ಯಾರು? ಮತ ಹಾಕಿದವರು ಬಹುಪಾಲು ಆಸ್ತಿವಂತ ಬಿಳಿಯ ಗಂಡಸರು. ಸ್ಥಾನ ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಅವರ ತಲೆ ಎಣಿಸಿ ಯಜಮಾನರ ರಾಜ್ಯಕ್ಕೆ ಸ್ಥಾನ ಹೆಚ್ಚಿಸಿಕೊಂಡರು, ಅವರಿಗೆ ಮಾತ್ರ ಮತವಿಲ್ಲ. ‘ಗುಲಾಮ’ ಎಂಬ ಪದವನ್ನು ಬರೆಯದೆ ‘ಇತರ ವ್ಯಕ್ತಿಗಳು’ ಎಂದು ಬರೆದರು. ‘ನಾವು’ ಎಂಬ ಮೊದಲ ಪದ ಓದಿ ಬೆಳಗಿದ ಮನಸ್ಸು ಈ ಜಾಗಕ್ಕೆ ಬಂದಾಗ ಕುಗ್ಗುತ್ತದೆ.

ಹೆನ್ರಿಯ ಪ್ರಶ್ನೆ 1819ರಲ್ಲಿ ಸುಪ್ರೀಂ ಕೋರ್ಟ್‌ಗೂ ಬಂತು. ರಾಷ್ಟ್ರೀಯ ಬ್ಯಾಂಕಿನ ಬಾಲ್ಟಿಮೋರ್ ಶಾಖೆಯ ಮೇಲೆ ಮೇರಿಲ್ಯಾಂಡ್ ತೆರಿಗೆ ಹಾಕಿತ್ತು. ಸಂವಿಧಾನ ಸಾರ್ವಭೌಮ ರಾಜ್ಯಗಳು ಮಾಡಿದ್ದು ಎಂದು ಅದರ ಪರ ವಕೀಲರು ವಾದಿಸಿದರು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಒಪ್ಪಲಿಲ್ಲ: ಸಂವಿಧಾನ ಬಂದದ್ದು ಜನರಿಂದ, ಅವರು ತಮ್ಮ ತಮ್ಮ ರಾಜ್ಯದಲ್ಲಿ ಸಭೆ ಸೇರಿದರು ನಿಜ, ಮತ್ತೆಲ್ಲಿ ಸೇರಬೇಕಿತ್ತು? ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಸಿಕ್ಕಿಲ್ಲ.

ಆದರೂ ಜಗಳ ಮುಗಿಯದೆ 1861ರಲ್ಲಿ ಅಮೆರಿಕದ ರಾಜ್ಯಗಳ ನಡುವೆಯೇ ಅಂತರ್ಯುದ್ಧವಾಯಿತು. 1948ರ ನವೆಂಬರ್ 4ರಂದು ನಮ್ಮ ಕರಡು ಸಂವಿಧಾನ ಮಂಡಿಸುವಾಗ ಅಂಬೇಡ್ಕರ್ ಅವರು ಅದನ್ನೇ ನೆನೆಸಿಕೊಂಡರು. ರಾಜ್ಯಗಳಿಗೆ ಬಿಟ್ಟುಹೋಗುವ ಹಕ್ಕಿಲ್ಲ ಎಂದು ಸ್ಥಾಪಿಸಲು ಅಮೆರಿಕದವರು ಯುದ್ಧ ಮಾಡಬೇಕಾಯಿತು, ನಾವು ಮೊದಲೇ ಸ್ಪಷ್ಟವಾಗಿ ಬರೆದುಬಿಡೋಣ ಎಂದರು. ನೀವು ತರಗತಿಯಲ್ಲಿ ಓದಿಸಿದ ‘ರಾಜ್ಯಗಳ ಒಕ್ಕೂಟ’ ಎಂಬ ಪದದ ಹಿಂದೆ ಈ ಎಚ್ಚರವಿದೆ.

ನಮ್ಮ ಲೇಖನದಲ್ಲಿ ‘ಶಾಸನಸಭೆಗಳು ಅನುಮೋದಿಸಿದವು’ ಎಂದದ್ದು ತಪ್ಪು. ಅನುಮೋದಿಸಿದ್ದು ವಿಶೇಷ ಸಭೆಗಳು. ಕೈಬರಹದ ಪ್ರತಿ ನೋಡುವಾಗ ನಾನೇ ಹಿಡಿಯಬೇಕಿತ್ತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ.

– ಸಂಪಾದಕ