ಮೋಟಾರ್‌ಹೋಮ್‌ನ (ಒಳಗೇ ವಾಸ ಮಾಡಬಹುದಾದ ಗಾಡಿಯ) ಹಿಂದಿನ ಏಣಿ ಬಿಚ್ಚಿ ಹಾಕಬಹುದೇ?

ಬಿಚ್ಚಬಹುದು. ಅದು ಚಾವಣಿ ಹತ್ತೋದಕ್ಕೆ ಮಾತ್ರ ಇರುವುದು, ಗಾಡಿಯ ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ. ತಲೆನೋವು ಏಣಿಯದ್ದಲ್ಲ, ಅದು ಬಿಟ್ಟುಹೋಗುವ ತೂತುಗಳದ್ದು.

ಅಮೆರಿಕದ ಬಹಳಷ್ಟು ಮೋಟಾರ್‌ಹೋಮ್‌ಗಳ ಗೋಡೆ ಅಂದರೆ ಹೊರಗೊಂದು ಫೈಬರ್‌ಗ್ಲಾಸ್ ಹಾಳೆ, ಅದಕ್ಕೆ ಅಂಟಿಸಿದ ತೆಳು ಪ್ಲೈವುಡ್, ಒಳಗೆ ಫೋಮ್. ಏಣಿಯ ಸ್ಕ್ರೂ ಇವನ್ನೆಲ್ಲ ಕೊರೆದುಕೊಂಡು ಹೋಗಿರುತ್ತದೆ. ಒಂದೇ ಒಂದು ತೂತು ಸರಿಯಾಗಿ ಮುಚ್ಚದಿದ್ದರೂ ಮಳೆನೀರು ಪ್ಲೈವುಡ್‌ಗೆ ಇಳಿದು, ಅಂಟು ಬಿಟ್ಟು, ಹೊರಗಿನ ಹಾಳೆ ಹಪ್ಪಳದ ಹಾಗೆ ಉಬ್ಬುತ್ತದೆ. ಆಮೇಲೆ ಖರ್ಚು ಕೇಳಲೇಬೇಡಿ.

ಸ್ಕ್ರೂ ತೆಗೆದ ತಕ್ಷಣ ತೂತಿಗೆ ಕಡ್ಡಿ ಹಾಕಿ ನೋಡಿ. ತೇವವೋ ಕಪ್ಪು ಮರದ ಪುಡಿಯೋ ಅಂಟಿಕೊಂಡು ಬಂದರೆ ಒಣಗಿಸದೆ ಮುಚ್ಚಬೇಡಿ. ಒಣಗಿದ್ದರೆ ಎಪಾಕ್ಸಿ (ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು) ತುಂಬಿ, ಉಜ್ಜಿ, ಬಣ್ಣ ಹಚ್ಚಿ. ಮನೆಯ ಕಿಟಕಿಗೆ ಬಳಿಯುವ ಸಿಲಿಕಾನ್ ಮಾತ್ರ ಬೇಡ. ಅದರ ಮೇಲೆ ಮುಂದೆ ಬಣ್ಣವೂ ನಿಲ್ಲಲ್ಲ, ನೀರು ತಡೆಯುವ ಬೇರೆ ಸೀಲಂಟೂ ಹಿಡಿಯಲ್ಲ.

ಗಾಡಿಯ ಹಿಂದೆ ಸೈಕಲ್ ಕಟ್ಟುವ ಸ್ಟ್ಯಾಂಡ್‌ಗೆ ಅಡ್ಡ ಬರುತ್ತದೆ ಅನ್ನೋದಷ್ಟೇ ಕಾರಣನಾ? ಹಾಗಾದರೆ ಪೂರ್ತಿ ತೆಗೆಯಬೇಡಿ. ಕೆಳಗಿನ ಅರ್ಧವನ್ನು ಬೇಕಾದಾಗ ಸಿಕ್ಕಿಸಿ ತೆಗೆಯುವಂಥ ಏಣಿಗಳು ಸಿಗುತ್ತವೆ. ಮುಚ್ಚಬೇಕಾದ ತೂತು ಕಡಿಮೆಯಾದಷ್ಟೂ ಒಳ್ಳೆಯದು, ಅಲ್ವಾ?